ಬಂದೂಕು ಕೊಟ್ಟವರು ಯಾರು?

ಪಶ್ಚಿಮ ಆಫ್ರಿಕದಲ್ಲಿ ಸಿಯೆರಾ ಲಿಯೋನ್ ಅಂತ ಒಂದು ಸಣ್ಣ ದೇಶ ಇದೆ. ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ. 1993ರ ಜನವರಿಯಲ್ಲಿ ಅಲ್ಲಿನ ಮೊಗ್ಬ್ವೆಮೊ ಎಂಬ ಊರಿನಿಂದ ಹನ್ನೆರಡು ವರ್ಷದ ಒಬ್ಬ ಹುಡುಗ ತನ್ನ ಅಣ್ಣ ಮತ್ತು ಗೆಳೆಯನ ಜೊತೆ ಹದಿನಾರು ಮೈಲಿ ದೂರದ ಮಟ್ರು ಜಾಂಗ್‌ಗೆ ನಡೆದುಕೊಂಡು ಹೊರಟ. ಅಲ್ಲಿ ಹಾಡು ಕುಣಿತದ ಸ್ಪರ್ಧೆ ಇತ್ತು. ಚೀಲದಲ್ಲಿ ಹಾಡಿನ ಕ್ಯಾಸೆಟ್ಟುಗಳು. ನಾಳೆ ವಾಪಸು ಬರ್ತೀವಲ್ಲ ಅಂತ ಮನೆಯಲ್ಲಿ ಹೇಳಲೂ ಇಲ್ಲ. ಅವರು ಹೋದ ಮೇಲೆ ಅವರ ಊರಿಗೆ ದಂಗೆಕೋರರು ಬಿದ್ದರು. ಆ ಹುಡುಗ ಮತ್ತೆ ತನ್ನ ಮನೆಯಲ್ಲಿ ಮಲಗಲೇ ಇಲ್ಲ. ಅವನ ಹೆಸರು ಇಶ್ಮಾಯೆಲ್ ಬೇಯಾ. ದೊಡ್ಡವನಾದ ಮೇಲೆ, 2007ರಲ್ಲಿ, ಇದನ್ನೆಲ್ಲ ಅವನೇ ಪುಸ್ತಕವಾಗಿ ಬರೆದ.

ಜಗತ್ತಿನ ಪತ್ರಿಕೆಗಳು ನಮಗೆ ತೋರಿಸಿದ್ದು ಹಾಡಿನ ಕ್ಯಾಸೆಟ್ಟು ಹೊತ್ತು ನಡೆಯುವ ಆ ಹುಡುಗನನ್ನಲ್ಲ. ಹರಕು ಚಡ್ಡಿ, ಕೊರಳಿಗೆ ಗುಂಡಿನ ಸರ, ಕೈಯಲ್ಲಿ ಬಂದೂಕು, ಕೆಂಪೇರಿದ ಕಣ್ಣು: ಈ ಚಿತ್ರವನ್ನೇ ಮತ್ತೆ ಮತ್ತೆ ತೋರಿಸಿದವು. ಕೆಳಗೆ ಒಂದು ಸಾಲು, ಅಂತರ್ಯುದ್ಧದಲ್ಲಿ ಮುಗ್ಧತೆ ಕಳೆದುಕೊಂಡ ಬಾಲಕ ಅಂತ. ನಾವು ಈ 'ಕಳೆದುಕೊಂಡ' ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಹುಡುಗರು ಬಳಪ ಕಳೆದುಕೊಳ್ತಾರೆ, ಚಪ್ಪಲಿ ಕಳೆದುಕೊಳ್ತಾರೆ. ಬಾಲ್ಯವನ್ನು ಯಾವ ಮಗುವೂ ದಾರಿಯಲ್ಲಿ ಬೀಳಿಸಿಕೊಂಡು ಬರುವುದಿಲ್ಲ. ಅದನ್ನು ಕಿತ್ತುಕೊಂಡವರು ಇರ್ತಾರೆ. ಅವರು ಯಾರು, ಯಾವಾಗಿನಿಂದ ಕಿತ್ತುಕೊಳ್ಳುತ್ತಾ ಬಂದರು ಎಂದು ಕೇಳುವುದು ಇತಿಹಾಸದ ಕೆಲಸ.

ಈ ಕಿತ್ತುಕೊಳ್ಳುವ ಕೆಲಸ 1991ರಲ್ಲಿ ಯುದ್ಧದ ಜೊತೆ ಶುರುವಾದದ್ದಲ್ಲ. ಸಿಯೆರಾ ಲಿಯೋನ್ ನದಿಯ ನಡುವೆ ಬನ್ಸ್ ಎಂಬ ದ್ವೀಪ ಇದೆ. ಅಲ್ಲಿನ ಕೋಟೆಯಿಂದ ಇಂಗ್ಲಿಷ್ ವ್ಯಾಪಾರಿಗಳು ಸಾವಿರಾರು ಜನರನ್ನು ಹಡಗಿಗೆ ತುಂಬಿ ಗುಲಾಮರನ್ನಾಗಿ ಮಾರಿದರು. ಭತ್ತ ಬೆಳೆಯುವ ಕಸುಬು ಬಲ್ಲ ಜನ ಅಂತಲೇ ಅಮೆರಿಕದ ಕೆರೊಲಿನಾದ ಗದ್ದೆಗಳ ಒಡೆಯರು ಅವರನ್ನು ಆರಿಸಿ ಕೊಂಡರು. 1792ರಲ್ಲಿ ಬಿಡುಗಡೆ ಪಡೆದ ಕರಿಯರು ಸಮುದ್ರ ದಾಟಿ ವಾಪಸು ಬಂದು ಒಂದು ಊರು ಕಟ್ಟಿದರು. ಅದೇ ಫ್ರೀಟೌನ್, ಬಿಡುಗಡೆಯ ಊರು. 1808ರಲ್ಲಿ ಅದು ಬ್ರಿಟಿಷರ ವಸಾಹತಾಯಿತು. 1896ರಲ್ಲಿ ಒಳನಾಡನ್ನೂ 'ರಕ್ಷಣೆ'ಯ ಹೆಸರಿನಲ್ಲಿ ನುಂಗಿದರು. 1898ರಲ್ಲಿ ಗುಡಿಸಲಿಗೊಂದು ತೆರಿಗೆ ಹಾಕಿದರು. ನಾವೇ ಕಟ್ಟಿಕೊಂಡ ಗುಡಿಸಲಿಗೆ ನಾವು ಯಾಕೆ ಬಾಡಿಗೆ ಕೊಡಬೇಕು ಅಂತ ಬೈ ಬುರೆ ಎಂಬ ನಾಯಕನ ಹಿಂದೆ ಜನ ದಂಗೆ ಎದ್ದರು. ಅವನನ್ನು ಹಿಡಿದು ಗಡಿಪಾರು ಮಾಡಿದರು.

ಇನ್ನೊಂದು ಸಂಗತಿ ನೋಡಿ. ರಾಜಧಾನಿಯ ಹೆಸರೇ ಬಿಡುಗಡೆಯ ಊರು. ಆದರೆ ಒಳನಾಡಿನಲ್ಲಿ ಮುಖ್ಯಸ್ಥರ ಮನೆಗಳಲ್ಲಿ ಗುಲಾಮರಿದ್ದರು, ಗುಲಾಮರ ಮಕ್ಕಳೂ ಗುಲಾಮರೇ. ಬ್ರಿಟಿಷರ ಕಾನೂನು ಇದನ್ನು 1928ರ ಜನವರಿ 1ರವರೆಗೆ ಒಪ್ಪಿಕೊಂಡೇ ಇತ್ತು. ಯಾಕೆಂದರೆ ತೆರಿಗೆ ವಸೂಲು ಮಾಡಿ ಕೊಡುವವರು ಅದೇ ಮುಖ್ಯಸ್ಥರು. ಅವರನ್ನು ಪ್ಯಾರಮೌಂಟ್ ಚೀಫ್ ಅಂತ ಕರೆದರು. ನಮ್ಮ ಕಡೆಯ ಪಟೇಲ, ಶಾನುಭೋಗ, ನ್ಯಾಯಾಧೀಶ ಮೂವರೂ ಒಬ್ಬನೇ ಮನುಷ್ಯನಾದರೆ ಹೇಗಿರುತ್ತೆ, ಹಾಗೆ. ಭೂಮಿ ಹಂಚುವವನೂ ಅವನೇ, ಬಿಟ್ಟಿ ಕೆಲಸಕ್ಕೆ ಕರೆಯುವವನೂ ಅವನೇ, ತಪ್ಪಿದರೆ ದಂಡ ಹಾಕುವವನೂ ಅವನೇ. 1955-56ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ರೈತರು ಈ ಮುಖ್ಯಸ್ಥರ ಮೇಲೇ ತಿರುಗಿಬಿದ್ದಿದ್ದರು. 1961ರ ಏಪ್ರಿಲ್ 27ಕ್ಕೆ ಸ್ವಾತಂತ್ರ್ಯ ಬಂತು. ಬಾವುಟ ಬದಲಾಯಿತು, ಮುಖ್ಯಸ್ಥರ ನ್ಯಾಯಪೀಠ ಬದಲಾಗಲಿಲ್ಲ.

ಈ ನ್ಯಾಯಪೀಠಗಳ ಮುಂದೆ ಹೆಚ್ಚಾಗಿ ನಿಂತವರು ಬಡವರ ಮನೆಯ ಹುಡುಗರು. ಹೆಣ್ಣಿನ ವಿಚಾರ, ಹಿರಿಯರಿಗೆ ಎದುರು ಮಾತು, ಬಿಟ್ಟಿಗೆ ಬರಲಿಲ್ಲ ಎಂಬ ದೂರು, ಎಲ್ಲಕ್ಕೂ ದಂಡ. ದಂಡ ಕಟ್ಟಲಾಗದವನು ದುಡಿದು ತೀರಿಸಬೇಕು, ಇಲ್ಲ ಊರು ಬಿಡಬೇಕು. ಊರು ಬಿಟ್ಟ ಹುಡುಗರು ಎಲ್ಲಿಗೆ ಹೋದರು? ವಜ್ರದ ಗುಂಡಿಗಳಿಗೆ.

1930ರಲ್ಲಿ ಆ ದೇಶದಲ್ಲಿ ವಜ್ರ ಸಿಕ್ಕಿತು. 1935ರಲ್ಲಿ ಒಂದು ವಿದೇಶಿ ಕಂಪನಿಗೆ ಇಡೀ ದೇಶದ ವಜ್ರವನ್ನು 99 ವರ್ಷಕ್ಕೆ ಬರೆದುಕೊಟ್ಟರು. ಅಲ್ಲಿ ವಜ್ರಕ್ಕೆ ಆಳದ ಗಣಿ ಬೇಕಿಲ್ಲ. ಹೊಳೆಯ ದಂಡೆಯಲ್ಲಿ ಗುಂಡಿ ತೋಡಿ, ಮಣ್ಣು ಜರಡಿ ಹಿಡಿದರೆ ಸಾಕು. ಸೊಂಟದವರೆಗೆ ನೀರಲ್ಲಿ ನಿಂತು ಜರಡಿ ಆಡಿಸುವವನಿಗೆ ಒಡೆಯ ಹೊಟ್ಟೆಗೆ ಅನ್ನ ಕೊಡ್ತಾನೆ, ಕಲ್ಲು ಸಿಕ್ಕರೆ ಪಾಲು ಅಂತ ಹೇಳ್ತಾನೆ. ಕಲ್ಲಿನ ಬೆಲೆ ಗೊತ್ತಿರೋದು ಒಡೆಯನಿಗೆ ಮಾತ್ರ. ಈ ಗುಂಡಿಗಳಲ್ಲಿ ಯುದ್ಧಕ್ಕೆ ಮೊದಲೂ ಮಕ್ಕಳಿದ್ದರು, ಯುದ್ಧದಲ್ಲೂ ಇದ್ದರು, ಯುದ್ಧ ಮುಗಿದ ಮೇಲೂ ಇದ್ದರು. ಶಾಲೆಯಲ್ಲಿ ಇರಬೇಕಾದ ಹುಡುಗ ಗುಂಡಿಯಲ್ಲಿದ್ದ ಎಂಬುದನ್ನು ಮೊದಲು ಬರೆದುಕೊಳ್ಳೋಣ. ಬಂದೂಕು ಆಮೇಲೆ ಬಂತು.

1968ರಿಂದ 1985ರವರೆಗೆ ಆಳಿದವನು ಸಿಯಾಕಾ ಸ್ಟೀವನ್ಸ್. ಕಾರ್ಮಿಕ ಸಂಘದಿಂದ ಮೇಲೆ ಬಂದ ಮನುಷ್ಯ. ಗದ್ದುಗೆ ಏರಿದ ಮೇಲೆ ವಜ್ರದ ವ್ಯಾಪಾರವನ್ನು ತನ್ನ ಸುತ್ತಲಿನವರ ಕಿಸೆಗೆ ಹಾಕಿದ. 1978ರಲ್ಲಿ ದೇಶಕ್ಕೆ ಒಂದೇ ಪಕ್ಷ ಅಂತ ಕಾನೂನು ಮಾಡಿದ. ಅವನ ಕಾಲದಲ್ಲೇ ಒಳನಾಡಿಗೆ ಹೋಗುತ್ತಿದ್ದ ರೈಲನ್ನು ನಿಲ್ಲಿಸಿ ಹಳಿ ಕಿತ್ತರು. ಮೇಷ್ಟರುಗಳಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಪಶ್ಚಿಮ ಆಫ್ರಿಕಕ್ಕೇ ಹೆಸರುವಾಸಿಯಾದ, 1827ರಲ್ಲಿ ಶುರುವಾದ ಫೌರಾ ಬೇ ಕಾಲೇಜು ರಾಜಧಾನಿಯಲ್ಲಿತ್ತು. ಹಳ್ಳಿಯ ಶಾಲೆಯ ಬಾಗಿಲು ಮುಚ್ಚುತ್ತಿತ್ತು. ಸಂಬಳ ಸಿಗದ ಮೇಷ್ಟರು ಎಷ್ಟು ದಿನ ಪಾಠ ಮಾಡಿಯಾರು? ಹಳ್ಳಿಯಲ್ಲಿ ಕಲಿಸುವ ಗೆಳೆಯರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮುಂದಿನ ಮಾತು ನಮ್ಮಂಥವರು, ಹೋರಾಟ, ಬದಲಾವಣೆ ಅಂತ ಮಾತಾಡುವವರು, ಕಿವಿಗೊಟ್ಟು ಕೇಳಬೇಕಾದದ್ದು. ಸ್ಟೀವನ್ಸನ ಆಡಳಿತದ ವಿರುದ್ಧ ಮೊದಲು ದನಿ ಎತ್ತಿದವರು ವಿದ್ಯಾರ್ಥಿಗಳು. 1985ರಲ್ಲಿ ಫೌರಾ ಬೇ ಕಾಲೇಜಿನಿಂದ ಹಲವರನ್ನು ಹೊರಗೆ ಹಾಕಿದರು. ಅವರಲ್ಲಿ ಕೆಲವರು ಆಮೇಲೆ ಲಿಬಿಯಾಕ್ಕೆ ಹೋಗಿ ಶಸ್ತ್ರ ತರಬೇತಿ ಪಡೆದರು. ಆದರೆ ಚಳವಳಿಯನ್ನು ಕೊನೆಗೆ ಕೈಗೆ ತೆಗೆದುಕೊಂಡವನು ಫೋಡೆ ಸಂಕೋ. ಹಿಂದೆ ಸೈನ್ಯದಲ್ಲಿ ಕಾರ್ಪೊರಲ್ ಆಗಿದ್ದವನು, ಆಮೇಲೆ ಫೋಟೋ ತೆಗೆದು ಬದುಕುತ್ತಿದ್ದವನು. ಅವನು ಕಟ್ಟಿದ ಪಡೆಯ ಹೆಸರು ಕ್ರಾಂತಿಕಾರಿ ಸಂಯುಕ್ತ ರಂಗ. ಪಕ್ಕದ ಲೈಬೀರಿಯಾದ ಯುದ್ಧಪ್ರಭು ಚಾರ್ಲ್ಸ್ ಟೇಲರ್‌ನ ಬೆಂಬಲದಿಂದ 1991ರ ಮಾರ್ಚ್ 23ರಂದು ಕೈಲಾಹುನ್ ಜಿಲ್ಲೆಯ ಬೊಮಾರು ಎಂಬ ಗಡಿ ಊರಿಗೆ ಅದು ನುಗ್ಗಿತು. ಹಾಗೆ ಶುರುವಾದ ಯುದ್ಧ ಹನ್ನೊಂದು ವರ್ಷ ನಡೆಯಿತು.

ದೂರು ನಿಜ. ಲೂಟಿ ನಿಜ, ಮುಖ್ಯಸ್ಥರ ದಬ್ಬಾಳಿಕೆ ನಿಜ, ಹುಡುಗರ ಸಿಟ್ಟೂ ನಿಜ. ಊರು ಬಿಟ್ಟು ಓಡಿದ ಕೆಲವು ಹುಡುಗರು ಮೊದಮೊದಲು ತಾವಾಗಿಯೇ ರಂಗ ಸೇರಿದ್ದೂ ಉಂಟು. ಆದರೆ ರಂಗ ಮಾಡಿದ್ದೇನು? ಬಡವರ ಊರಿಗೇ ಬೆಂಕಿ ಇಟ್ಟಿತು, ಬಡವರ ಮಕ್ಕಳನ್ನೇ ಹಿಡಿದುಕೊಂಡು ಹೋಯಿತು. 1996ರ ಚುನಾವಣೆಯ ಹೊತ್ತಿಗೆ, ಮತ ಹಾಕುವ ಕೈ ಇರಬಾರದು ಅಂತ ರೈತರ ಕೈ ಕಡಿಯುವುದು ಅದರ ಗುರುತೇ ಆಗಿಹೋಯಿತು. ಕೈ ಕಡಿಯುವ ಮುಂಚೆ, ಗಿಡ್ಡ ತೋಳು ಬೇಕೋ ಉದ್ದ ತೋಳು ಬೇಕೋ ಅಂತ ಅಂಗಿ ಹೊಲಿಯುವವನ ಹಾಗೆ ಕೇಳುತ್ತಿದ್ದರು. ಮುಖ್ಯಸ್ಥ ಬಿಟ್ಟಿ ದುಡಿಸಿದ, ರಂಗವೂ ಬಿಟ್ಟಿ ದುಡಿಸಿತು. ವಜ್ರದ ಗುಂಡಿಯಲ್ಲಿ ಒಡೆಯನ ಜಾಗಕ್ಕೆ ಕಮಾಂಡರ್ ಬಂದು ನಿಂತ. ಕ್ರಾಂತಿ ಎಂಬ ಮಾತನ್ನು ಬಾವುಟಕ್ಕೆ ಬರೆದುಕೊಂಡ ಮಾತ್ರಕ್ಕೆ ಯಾರೂ ಬಡವರ ಕಡೆಯವರಾಗುವುದಿಲ್ಲ. ಬಡವರ ಮಗುವನ್ನು ಅವರು ಏನು ಮಾಡಿದರು ಅಂತ ನೋಡಿದರೆ ಸಾಕು.

ಮಗುವನ್ನು ಸೈನಿಕನನ್ನಾಗಿ ಮಾಡುವುದಕ್ಕೆ ಒಂದು ಕ್ರಮವೇ ಇತ್ತು. ಮೊದಲು ಊರು ಕಸಿದುಕೊಳ್ಳಬೇಕು. ಹಿಡಿದ ಹುಡುಗನ ಕೈಯಿಂದಲೇ ಅವನ ಬಂಧುವನ್ನೋ ನೆರೆಯವನನ್ನೋ ಕೊಲ್ಲಿಸುತ್ತಿದ್ದರು. ಕೊಲ್ಲದಿದ್ದರೆ ನಿನ್ನನ್ನೇ ಕೊಲ್ತೀವಿ ಅನ್ನುತ್ತಿದ್ದರು. ಒಮ್ಮೆ ಕೊಂದವನು ಇನ್ನು ಯಾವ ಮುಖ ಹೊತ್ತು ಊರಿಗೆ ಹೋಗಬೇಕು? ಆಮೇಲೆ ಎದೆಯ ಮೇಲೆ ರಂಗದ ಹೆಸರಿನ ಅಕ್ಷರ ಕೊರೆಯುತ್ತಿದ್ದರು. ತಪ್ಪಿಸಿಕೊಂಡು ಓಡಿದರೂ ಸರ್ಕಾರದ ಸೈನಿಕರು ಆ ಅಕ್ಷರ ನೋಡಿ ಸುಡುತ್ತಾರೆ. ಸ್ಲೇಟಿನ ಮೇಲೆ ಅಕ್ಷರ ಬರೆಯಬೇಕಾದ ಮಗುವಿನ ಎದೆಯನ್ನೇ ಸ್ಲೇಟು ಮಾಡಿದರು. ಅದಾದ ಮೇಲೆ ಗಾಂಜಾ, ಮಾತ್ರೆ, ಕೊಕೇನಿಗೆ ಮದ್ದಿನ ಪುಡಿ ಬೆರೆಸಿದ ಅಮಲು. ಚಿಕ್ಕವರದೇ ಬೇರೆ ತುಕಡಿ ಕಟ್ಟಿದರು, ಸಣ್ಣ ಹುಡುಗರ ತುಕಡಿ ಅಂತ ಅದಕ್ಕೆ ಹೆಸರು. ಮಕ್ಕಳಿಗೆ ಸಂಬಳ ಬೇಡ, ಊಟ ಕಡಿಮೆ ಸಾಕು, ಹೇಳಿದ್ದನ್ನು ಕೇಳ್ತಾರೆ. ಹೋಟೆಲಿಗೆ, ಇಟ್ಟಿಗೆ ಗೂಡಿಗೆ ಮಕ್ಕಳನ್ನು ಇಟ್ಟುಕೊಳ್ಳುವವರು ಹೇಳುವ ಕಾರಣವೂ ಇದೇ ಅಲ್ಲವೇ?

ರಂಗವೊಂದೇ ಹೀಗೆ ಮಾಡಿತು ಅಂದರೆ ಅರ್ಧ ಸತ್ಯ. ಇಶ್ಮಾಯೆಲ್‌ನನ್ನು ಹಿಡಿದದ್ದು ದಂಗೆಕೋರರಲ್ಲ, ಸರ್ಕಾರದ ಸೈನ್ಯ. ತಿಂಗಳುಗಟ್ಟಲೆ ಕಾಡಿನಲ್ಲಿ ಅಲೆದು, ಮನೆಯವರನ್ನೆಲ್ಲ ಕಳೆದುಕೊಂಡು, ಸೈನ್ಯದ ನೆಲೆಯಿದ್ದ ಊರಿಗೆ ಬಂದ ಹುಡುಗರಿಗೆ ಅಲ್ಲಿ ಊಟ ಸಿಕ್ಕಿತು. ಕೆಲವು ದಿನಗಳಲ್ಲಿ ಬಂದೂಕೂ ಸಿಕ್ಕಿತು. ಆಗ ಅವನಿಗೆ ಹದಿಮೂರು ವರ್ಷ. ಅವನ ಜೊತೆ ಏಳು ವರ್ಷದ, ಹನ್ನೊಂದು ವರ್ಷದ ಮಕ್ಕಳೂ ಇದ್ದರು. ಹೊಸ ಸಮವಸ್ತ್ರ ಹಾಕಿಕೊಳ್ಳುವಾಗ ಒಬ್ಬ ಸೈನಿಕ ಅವನ ಹಳೇ ಚಡ್ಡಿಯನ್ನು ಬೆಂಕಿಗೆ ಎಸೆದನಂತೆ. ಅದರ ಜೇಬಿನಲ್ಲಿ ಆ ಕ್ಯಾಸೆಟ್ಟುಗಳಿದ್ದವು. ಹುಡುಗ ಓಡಿಹೋಗಿ ನೋಡುವಷ್ಟರಲ್ಲಿ ಕರಗಲು ಶುರುವಾಗಿತ್ತು. ರಾತ್ರಿ ಈ ಮಕ್ಕಳಿಗೆ ರ‍್ಯಾಂಬೋ ಸಿನಿಮಾ ತೋರಿಸುತ್ತಿದ್ದರು, ಬೆಳಿಗ್ಗೆ ಅದೇ ರೀತಿ ಊರಿನ ಮೇಲೆ ಬೀಳಲು ಕಳಿಸುತ್ತಿದ್ದರು. ಸರ್ಕಾರದ ಪರ ಹೋರಾಡಿದ ಕಮಾಜೋರ್ ಎಂಬ ಬೇಟೆಗಾರರ ಪಡೆಯಲ್ಲೂ ಮಕ್ಕಳಿದ್ದರು. ಸೈನಿಕರಲ್ಲೇ ಹಲವರು ಹಗಲು ಸೈನಿಕ, ರಾತ್ರಿ ಲೂಟಿಕೋರ. ಅವರನ್ನು ಜನ 'ಸೋಬೆಲ್' ಅಂತ ಕರೆದರು. ಸೈನಿಕ, ದಂಗೆಕೋರ ಎರಡೂ ಇಂಗ್ಲಿಷ್ ಪದಗಳನ್ನು ಕೂಡಿಸಿ ಜನರೇ ಮಾಡಿಕೊಂಡ ಮಾತು ಅದು. ಯಾವ ಕಡೆ ಗೆದ್ದರೂ ಮಗು ಸೋಲುವ ಯುದ್ಧ ಅದು.

ಹುಡುಗಿಯರ ಮಾತು ಇನ್ನೂ ಆಡಿಲ್ಲ. ಆ ದೇಶವೂ ತಡವಾಗಿಯೇ ಆಡಿತು. ಹಿಡಿದುಕೊಂಡು ಹೋದ ಹುಡುಗಿಯರು ಅಡುಗೆ ಮಾಡಿದರು, ಲೂಟಿಯ ಮೂಟೆ ಹೊತ್ತರು, ಬಂದೂಕನ್ನೂ ಹಿಡಿದರು. ಅವರನ್ನು ಕಮಾಂಡರುಗಳು ಹಂಚಿಕೊಂಡು 'ಪೊದೆಯ ಹೆಂಡತಿ' ಅಂತ ಹೆಸರಿಟ್ಟರು. ಅದು ಮದುವೆಯಲ್ಲ, ಅತ್ಯಾಚಾರ. ಯುದ್ಧ ಮುಗಿದು ಆಯುಧ ಒಪ್ಪಿಸುವ ಕಾಲ ಬಂದಾಗ ಸುಮಾರು 6,800 ಮಕ್ಕಳು ಲೆಕ್ಕಕ್ಕೆ ಸಿಕ್ಕರು. ಅವರಲ್ಲಿ ಹುಡುಗಿಯರು ನೂರಕ್ಕೆ ಎಂಟರಷ್ಟು ಮಾತ್ರ. ಪಡೆಗಳಲ್ಲಿ ಹುಡುಗಿಯರು ಇಷ್ಟೇ ಇದ್ದರು ಅಂತಲ್ಲ. ಬಹಳ ಮಂದಿಯನ್ನು ಸೈನಿಕರೆಂದೇ ಎಣಿಸಲಿಲ್ಲ. ಕೆಲವರನ್ನು ಕಮಾಂಡರುಗಳೇ ಬಿಡಲಿಲ್ಲ. ಇನ್ನು ಕೆಲವರು ಕಂಕುಳಲ್ಲಿ ಕೂಸು ಹೊತ್ತು, ಹೆಸರು ಬರೆಸಿದರೆ ಮಾನ ಹೋಗುತ್ತೆ ಅಂತ ಹಿಂದೆ ಸರಿದರು. ಹುಡುಗ ವಾಪಸು ಬಂದರೆ ಊರು ಒಂದಲ್ಲ ಒಂದು ದಿನ ಸೇರಿಸಿಕೊಳ್ತು. ಕೂಸಿನ ಜೊತೆ ಬಂದ ಹುಡುಗಿಯನ್ನು ನೋಡಿ ಬಾಗಿಲು ಎಳೆದುಕೊಂಡ ಮನೆಗಳು ಎಷ್ಟೋ. ಲೆಕ್ಕಕ್ಕೆ ಸಿಗದವರ ದುಃಖ ದೊಡ್ಡದು. ಅವರಿಗೆ ಪರಿಹಾರವೂ ಇಲ್ಲ, ಇತಿಹಾಸವೂ ಇಲ್ಲ.

ಯುದ್ಧದ ಮುಂದಿನ ಕತೆ ಚಿಕ್ಕದಾಗಿ ಹೇಳ್ತೀವಿ. 1996ರಲ್ಲಿ ಅಹ್ಮದ್ ತೇಜನ್ ಕಬ್ಬಾ ಚುನಾಯಿತ ಅಧ್ಯಕ್ಷನಾದ. 1997ರ ಮೇ 25ರಂದು ಸೈನ್ಯ ಅವನನ್ನು ಓಡಿಸಿ ರಂಗವನ್ನು ಜೊತೆಗೆ ಕರೆದುಕೊಂಡಿತು. 1998ರಲ್ಲಿ ನೈಜೀರಿಯಾ ಮುಂದಾಳತ್ವದ ಪಡೆ ಅವರನ್ನು ರಾಜಧಾನಿಯಿಂದ ಹೊರಗೆ ಹಾಕಿತು. 1999ರ ಜನವರಿ 6ರಂದು ಅವರು ಮತ್ತೆ ಫ್ರೀಟೌನಿಗೆ ನುಗ್ಗಿ ಸಾವಿರಾರು ಜನರನ್ನು ಕೊಂದರು. ಹಿಂದೆ ಸರಿಯುವಾಗ ಸಾವಿರಾರು ಮಕ್ಕಳನ್ನು ಎಳೆದುಕೊಂಡು ಹೋದರು. ಅದೇ ವರ್ಷ ಜುಲೈ 7ರಂದು ಲೋಮೆ ನಗರದಲ್ಲಿ ಒಪ್ಪಂದವಾಯಿತು. ಆ ಒಪ್ಪಂದ ಎಲ್ಲರಿಗೂ ಕ್ಷಮೆ ಕೊಟ್ಟಿತು. ಸಂಕೋಗೆ ಉಪಾಧ್ಯಕ್ಷನ ಸ್ಥಾನಮಾನ, ಮೇಲೆ ವಜ್ರ ಮುಂತಾದ ಖನಿಜಗಳನ್ನು ನೋಡಿಕೊಳ್ಳುವ ಆಯೋಗದ ಅಧ್ಯಕ್ಷಗಿರಿ! ಕೈ ಕಡಿಸಿಕೊಂಡವರು ಅಂಗವಿಕಲರ ಶಿಬಿರದಲ್ಲಿ, ಕಡಿಸಿದವನು ಸರ್ಕಾರದ ಕುರ್ಚಿಯಲ್ಲಿ.

ಆ ಒಪ್ಪಂದವೂ ಮುರಿಯಿತು. 2000ದ ಮೇ ತಿಂಗಳಲ್ಲಿ ರಂಗ ವಿಶ್ವಸಂಸ್ಥೆಯ ಶಾಂತಿಪಾಲಕರನ್ನು ನೂರಾರು ಸಂಖ್ಯೆಯಲ್ಲಿ ಸೆರೆ ಹಿಡಿಯಿತು. ಇಲ್ಲಿ ನಮ್ಮ ದೇಶದ ಹೆಸರು ಬರುತ್ತದೆ. ಶಾಂತಿಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. ಯುದ್ಧ ಶುರುವಾಗಿದ್ದ ಅದೇ ಕೈಲಾಹುನ್‌ನಲ್ಲಿ ಗೂರ್ಖಾ ರೈಫಲ್ಸ್‌ನ ಇನ್ನೂರಕ್ಕೂ ಹೆಚ್ಚು ಜನ ಎರಡು ತಿಂಗಳು ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದರು. ಜುಲೈ 15ರಂದು 'ಖುಕ್ರಿ' ಎಂಬ ಕಾರ್ಯಾಚರಣೆಯಲ್ಲಿ ಅವರು ಮುತ್ತಿಗೆ ಒಡೆದು ಹೊರಬಂದರು. ನಮ್ಮ ಪತ್ರಿಕೆಗಳು ಇದನ್ನು ಶೌರ್ಯದ ಸುದ್ದಿಯಾಗಿ ಬರೆದವು, ಬರೆಯಲಿ. ಆದರೆ ಮುತ್ತಿಗೆ ಹಾಕಿದ್ದು ಮಕ್ಕಳನ್ನು ಹಿಡಿದು ಸೈನ್ಯ ಕಟ್ಟಿದ್ದ ರಂಗ ಎಂಬ ಮಾತಿಗೆ ಆ ಸುದ್ದಿಯಲ್ಲಿ ಜಾಗ ಸಿಗಲಿಲ್ಲ. 2002ರ ಜನವರಿ 18ರಂದು ಯುದ್ಧ ಮುಗಿಯಿತೆಂದು ಸಾರಿದರು. ಸತ್ತವರು 50,000ಕ್ಕೂ ಹೆಚ್ಚು ಅಂತ ಅಂದಾಜು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಪ್ಪು ಯಾರದು? ವಿಶ್ವಸಂಸ್ಥೆ ಮತ್ತು ಆ ದೇಶದ ಸರ್ಕಾರ ಸೇರಿ 2002ರಲ್ಲಿ ಒಂದು ವಿಶೇಷ ನ್ಯಾಯಾಲಯ ಕಟ್ಟಿದವು. ಹದಿನೈದು ತುಂಬಿದವರನ್ನೂ ವಿಚಾರಣೆ ಮಾಡಬಹುದು ಎಂದು ಅದರ ಕಾನೂನಿನಲ್ಲಿತ್ತು. ಆದರೆ ಹದಿನೆಂಟರ ಒಳಗಿನ ಯಾರನ್ನೂ ಕಟಕಟೆಗೆ ತರುವುದಿಲ್ಲ ಎಂದು ಅಭಿಯೋಜಕರು ಮೊದಲೇ ತೀರ್ಮಾನ ಮಾಡಿದರು. 2007ರ ಜೂನ್ 20ರಂದು ಮೂವರು ಸೇನಾ ನಾಯಕರಿಗೆ, ಮಕ್ಕಳನ್ನು ಸೈನ್ಯಕ್ಕೆ ಸೇರಿಸಿದ ಅಪರಾಧವನ್ನೂ ಹಿಡಿದು, ತಪ್ಪಿತಸ್ಥರೆಂದು ತೀರ್ಪು ಬಂತು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಈ ಅಪರಾಧಕ್ಕೆ ಶಿಕ್ಷೆ ಕೊಟ್ಟದ್ದು ಅದೇ ಮೊದಲು. ಸಂಕೋ 2003ರಲ್ಲಿ ಸೆರೆಯಲ್ಲೇ ಸತ್ತ. ಲೈಬೀರಿಯಾದ ಅಧ್ಯಕ್ಷನೇ ಆಗಿದ್ದ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಶಿಕ್ಷೆಯಾಯಿತು. ಬಂದೂಕು ಹಿಡಿದ ಮಗುವಲ್ಲ, ಬಂದೂಕು ಕೊಟ್ಟ ದೊಡ್ಡವನು ಉತ್ತರ ಕೊಡಬೇಕು ಎಂಬ ಮಾತು ಕಾನೂನಿನ ಪುಸ್ತಕ ಸೇರಿತು. ಇದು ಸಣ್ಣ ಗೆಲುವಲ್ಲ.

ಆದರೆ ಪೂರ್ಣ ಗೆಲುವೂ ಅಲ್ಲ. ಆ ನ್ಯಾಯಾಲಯದ ಅಧಿಕಾರ ಶುರುವಾಗುವುದು 1996ರ ನವೆಂಬರ್ 30ರಿಂದ. ಅದಕ್ಕೆ ಮೊದಲಿನ ಐದು ವರ್ಷ, ಇಶ್ಮಾಯೆಲ್‌ನ ಕೈಗೆ ಸರ್ಕಾರವೇ ಬಂದೂಕು ಕೊಟ್ಟ ದಿನವೂ ಸೇರಿ, ಅದರ ಕಡತದ ಹೊರಗೆ ಉಳಿಯಿತು. ರಂಗದ ಗುಂಡಿಗಳಿಂದ ಬಂದ ಕಲ್ಲನ್ನು ಕೊಂಡ ಒಬ್ಬ ವಜ್ರದ ವ್ಯಾಪಾರಿಯೂ ಅಲ್ಲಿ ಕಟಕಟೆ ಹತ್ತಲಿಲ್ಲ. ದಂಡ ಹಾಕಿ ಹುಡುಗರನ್ನು ಊರಿನಿಂದ ಅಟ್ಟಿದ ಮುಖ್ಯಸ್ಥರ ಬಗ್ಗೆ ಕೇಳುವ ನ್ಯಾಯಾಲಯ ಎಲ್ಲಿದೆ? ಆ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡಿದ್ದು ಸತ್ಯ ಮತ್ತು ಸಂಧಾನ ಆಯೋಗ. ವರ್ಷಗಟ್ಟಲೆಯ ದುರಾಡಳಿತವೇ ಯುದ್ಧಕ್ಕೆ ನೆಲ ಹದ ಮಾಡಿತು ಎಂದು 2004ರ ವರದಿಯಲ್ಲಿ ಅದು ಬರೆಯಿತು. ಆ ವರದಿಯನ್ನು ಮಕ್ಕಳೇ ಓದಿ ತಿಳಿಯುವ ಹಾಗೆ ಬೇರೆಯಾಗಿಯೂ ಬರೆದರು.

ಇಶ್ಮಾಯೆಲ್ ಏನಾದ? 1996ರಲ್ಲಿ ಯೂನಿಸೆಫ್ ಅವನನ್ನು ಸೈನ್ಯದಿಂದ ಬಿಡಿಸಿ ಫ್ರೀಟೌನಿನ ಪುನರ್ವಸತಿ ಮನೆಯೊಂದಕ್ಕೆ ಸೇರಿಸಿತು. ತಪ್ಪು ನಿಮ್ಮದಲ್ಲ ಅಂತ ಅಲ್ಲಿನವರು ದಿನಾ ಹೇಳುತ್ತಿದ್ದರು. ಹುಡುಗರಿಗೆ ಆ ಮಾತು ಕೇಳಿದರೇ ಸಿಟ್ಟು ಬರುತ್ತಿತ್ತು. ನಮಗೆ ಈ ಸಿಟ್ಟು ಅರ್ಥವಾಗುತ್ತದೆ. ತಾನು ಮಾಡಿದ್ದು ಮಗುವಿಗೆ ಗೊತ್ತು. ನೀನು ಮಾಡಿಲ್ಲ ಅಂದರೆ ಅದು ನಂಬುವುದಿಲ್ಲ. ಮಾಡಿಸಿದವರು ಇದ್ದರು, ಅವರು ಇಂಥವರು ಅಂತ ತೋರಿಸಿದ ಮೇಲೆಯೇ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಒಬ್ಬ ನರ್ಸ್ ಅವನಿಗೆ ಹಾಡು ಕೇಳುವ ವಾಕ್‌ಮನ್, ಕ್ಯಾಸೆಟ್ಟು ತಂದುಕೊಟ್ಟಳು. ಅವನು ಮೆಲ್ಲಗೆ ಮಾತಾಡತೊಡಗಿದ. ಆದರೆ 1997ರ ಕ್ಷಿಪ್ರಕ್ರಾಂತಿಯ ನಂತರ ಮತ್ತೆ ಯಾರಾದರೂ ಹಿಡಿದು ಬಂದೂಕು ಕೊಡ್ತಾರೆ ಅಂತ ಹೆದರಿ ದೇಶ ಬಿಟ್ಟು ಓಡಬೇಕಾಯಿತು.

2008ರಲ್ಲಿ ಒಂದು ಆಸ್ಟ್ರೇಲಿಯನ್ ಪತ್ರಿಕೆ ಅವನ ಪುಸ್ತಕದ ಇಸವಿಗಳು ತಪ್ಪು ಅಂತ ತಕರಾರು ಎತ್ತಿತು. ಅವನ ಊರಿನ ಮೇಲೆ ದಾಳಿ ಆದದ್ದು 1993ರಲ್ಲಲ್ಲ, 1995ರಲ್ಲಿ. ಹಾಗಾದರೆ ಅವನು ಸೈನಿಕನಾಗಿದ್ದದ್ದು ಕೆಲವೇ ತಿಂಗಳು ಎಂಬುದು ಅದರ ವಾದ. ತನ್ನ ನೆನಪು ಸರಿ ಅಂತ ಅವನು ಹೇಳಿದ. ಇಸವಿ ಪರೀಕ್ಷೆ ಮಾಡಬಾರದು ಅಂತ ನಾವು ಹೇಳುವುದಿಲ್ಲ, ಇತಿಹಾಸ ಬರೆಯುವವರು ಅದನ್ನು ಮಾಡಲೇಬೇಕು. ಆದರೆ ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿ. ಓದು ಬಾರದವರ ಮಕ್ಕಳಲ್ಲಿ ಎಷ್ಟು ಜನ ಜೂನ್ 1ರಂದೇ ಹುಟ್ಟಿದ್ದಾರೆ! ಹೆಡ್‌ಮಾಸ್ತರು ಬರೆದ ತಾರೀಖು ಅದು. ತಾರೀಖು ತಪ್ಪಿರಬಹುದು, ಮಗು ಹುಟ್ಟಿದ್ದು ಸುಳ್ಳಾಗುವುದಿಲ್ಲ. ಎರಡು ತಿಂಗಳೋ ಎರಡು ವರ್ಷವೋ, ಮಗುವಿನ ಕೈಗೆ ಬಂದೂಕು ಕೊಡಲು ಇಷ್ಟು ದಿನ ಪರವಾಗಿಲ್ಲ ಅನ್ನುವ ಲೆಕ್ಕ ಯಾವ ಪಂಚಾಂಗದಲ್ಲಿದೆ?

ಜಗತ್ತಿನ ಸಣ್ಣ ವಜ್ರಗಳಲ್ಲಿ ಬಹುಪಾಲು ಸಾಣೆಗೆ ಬರುವುದು ನಮ್ಮ ದೇಶದ ಸೂರತ್ತಿಗೆ. 2000ದ ಜುಲೈನಲ್ಲಿ ವಿಶ್ವಸಂಸ್ಥೆ ಸಿಯೆರಾ ಲಿಯೋನಿನ ಕಚ್ಚಾ ವಜ್ರಕ್ಕೆ ತಡೆ ಹಾಕಿತು. ಅಲ್ಲಿಯವರೆಗಿನ ಒಂಬತ್ತು ವರ್ಷ ಯಾವ ಕಲ್ಲು ಯಾವ ಗುಂಡಿಯದು, ಯಾರ ಮಗ ನೀರಿನಲ್ಲಿ ನಿಂತು ಎತ್ತಿದ್ದು ಅಂತ ಕೇಳಿದವರು ಕಡಿಮೆ. ಸಾಣೆ ಹಿಡಿದ ಮೇಲೆ ಕಲ್ಲಿನ ಮೇಲೆ ಯಾವ ಗುರುತೂ ಉಳಿಯುವುದಿಲ್ಲ. ಆ ಹುಡುಗರ ಎದೆಯ ಮೇಲೆ ಕೊರೆದ ಅಕ್ಷರದ ಕಲೆ ಮಾತ್ರ ಉಳಿಯಿತು. ವೈದ್ಯರು ಹಲವರ ಚರ್ಮದಿಂದ ಅದನ್ನು ತೆಗೆದುಹಾಕಿದರು. ಅಕ್ಷರ ಕೊರೆದವರನ್ನು, ಕೊರೆಯಲು ಚಾಕು ಕೊಟ್ಟವರನ್ನು, ಆ ಚಾಕುವಿಗೆ ದುಡ್ಡು ಕೊಟ್ಟವರನ್ನು ಹೆಸರಿಟ್ಟು ಕೇಳುವ ಕೆಲಸ ಬಾಕಿ ಇದೆ. ನಮ್ಮ ತರಗತಿಗಳಲ್ಲಿ ಇನ್ನು ಮುಂದೆ ಆ ಚಿತ್ರ ತೋರಿಸುವಾಗ, ಈ ಹುಡುಗ ಏನು ಕಳೆದುಕೊಂಡ ಅಂತ ಕೇಳುವುದು ಬೇಡ. ಇವನಿಂದ ಯಾರು ಕಿತ್ತುಕೊಂಡರು ಅಂತ ಕೇಳೋಣ.